ನೂರಕ್ಕೆ ನೂರು ಪಡೆದ ಗುಂಡು

ಖಾನಾಪುರದ ಕಾಡುಹಂದಿಗಳೇನಾದರೂ ಸಭೆ ಸೇರಿ ಯಾರಿಗಾದರೂ ಹಾರ ಹಾಕಬೇಕೆಂದು ತೀರ್ಮಾನಿಸಿದ್ದರೆ, ಆ ಹಾರ ನಮ್ಮ ಮಾಮಾನ ಕೊರಳಿಗೇ ಬೀಳುತ್ತಿತ್ತು! ಕೈಯಲ್ಲಿ ರೈಫಲ್ ಹಿಡಿದುಕೊಂಡೇ ಹಂದಿಗಳಿಗೆ ಅವನಷ್ಟು ಉಪಕಾರ ಮಾಡಿದವರು ಬೇರೆ ಯಾರಿದ್ದಾರೆ?

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಬೆಳಗಾವಿಯ ಖಾಸಬಾಗದಲ್ಲಿ ಮನೆ, ಹೈಸ್ಕೂಲಿನಲ್ಲಿ ಗಣಿತದ ಮಾಸ್ತರಿಕೆ. ಮಾಮಿಗೆ ತವರಿನಿಂದ ಬಂದ ಎರಡೆಕರೆ ಗೆಣಸಿನ ಹೊಲ ಖಾನಾಪುರ ತಾಲೂಕಿನ ನಂದಗಡದ ಹತ್ತಿರವಿತ್ತು. ಆ ಹೊಲವೆಂದರೆ ಅವಳಿಗೆ ಜೀವ. ಎಪ್ಪತ್ತರ ದಶಕದ ಕೊನೆಗೆ ಹಂದಿಗಳಿಗೂ ಅದರ ಮೇಲೆ ಜೀವ ಬಂತು. ಆಗ ಮಾಮಾ, ಬಾಯಿಂದ ಮದ್ದು ತುಂಬುವ ಅಜ್ಜನ ಕಾಲದ ದೊಡ್ಡ ನಳಿಗೆಯ ರೈಫಲ್ಲಿಗೆ ಬೆಳೆ ಕಾಯುವ ಪರವಾನಗಿ ಮಾಡಿಸಿದ. ಅದಕ್ಕೆ ಹೊಂದುವ, ಹೆಬ್ಬೆರಳಿಗಿಂತ ದಪ್ಪನೆಯ ಗುಂಡು ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಸೀಸ ಕರಗಿಸಿ, ಅಚ್ಚಿಗೆ ಹೊಯ್ದು ತಾನೇ ಮಾಡಬೇಕು. ಕೆಟ್ಟದ್ದು ಅಲ್ಲೇ.

ಸೀಸ ಕರಗಿಸಲೆಂದು ಮೊದಲು ಮಾಮಿಯ ಒಗ್ಗರಣೆ ಸೌಟು ಹೋಯಿತು. ಗುಂಡು ತಣ್ಣಗಾದ ಮೇಲೆ ಪರೀಕ್ಷೆ ಶುರು. ಕನ್ನಡಿಯ ಮೇಲೆ ಉರುಳಿಸುವುದು, ಭೂತಗನ್ನಡಿ ಹಿಡಿಯುವುದು, ಕೊನೆಗೆ ಕೆಂಪು ಶಾಯಿಯಲ್ಲಿ ಅಂಕ! ಮೈಮೇಲೆ ಸುಕ್ಕು, ಹತ್ತು ಕಡಿತ. ಬುಡ ಓರೆ, ಇಪ್ಪತ್ತು ಕಡಿತ. ತೊಂಬತ್ತೆಂಟು ಪಡೆದ ಗುಂಡೂ ನಾಪಾಸಾಗಿ ಮತ್ತೆ ಸೌಟಿಗೆ ಬೀಳುತ್ತಿತ್ತು. ಸಾಲೆಯಲ್ಲಿ ಇಪ್ಪತ್ತೆಂಟು ಪಡೆದ ನನ್ನಂಥವರನ್ನು ಕರುಣೆಯಿಂದ ಮೂವತ್ತೈದಕ್ಕೆ ಎತ್ತುತ್ತಿದ್ದವನು ಇದೇ ಮನುಷ್ಯ!

"ಹಂದಿ ಭೂತಗನ್ನಡಿ ಹಿಡದು ನೋಡತೈತೇನ್ರಿ?" ಎಂದು ಮಾಮಿ ಕೇಳುತ್ತಿದ್ದಳು.

"ಹೊಟ್ಟ್ಯಾಗ ಗಾಳಿ ಇದ್ದ ಗುಂಡು ನೆಟ್ಟಗ ಹೋಗೂದಿಲ್ಲ. ನಿನಗ ತಿಳಿಯೂದಿಲ್ಲ, ಸುಮ್ಮ ಕುಂದರು."

ಹೊಟ್ಟೆಯಲ್ಲಿ ಗಾಳಿಯಿದ್ದರೆ ತೂಕ ಗುಲಗಂಜಿಯಷ್ಟು ಕಡಿಮೆ, ಅದು ಪತ್ತೆಯಾಗಲು ಪಕ್ಕದ ಶಹಾಪುರದ ಅಕ್ಕಸಾಲಿಗನ ತಕ್ಕಡಿಯೇ ಬೇಕು. ನಾನೂ ಒಮ್ಮೆ ಜೊತೆಗೆ ಹೋಗಿದ್ದೆ. ಮದುವೆಯ ಸರ ತೂಗಿಸಲು ಬಂದವರು ಕಾದು ಕುಳಿತಿದ್ದರೆ, ಮಾಮಾ ಇಪ್ಪತ್ತಮೂರು ಗುಂಡು ತೂಗಿಸಿ ಇಪ್ಪತ್ತಮೂರನ್ನೂ ನಾಪಾಸು ಮಾಡಿದ. "ಮಾಸ್ತರ, ಮುಂದಿನ ಸಲ ಹಂದೀನೂ ಕರ್ಕೊಂಡ ಬರ್ರಿ, ಅದರ ಕಿವಿಗೆ ಬೆಂಡೋಲಿ ಮಾಡೂಣು" ಎಂದ ಅಕ್ಕಸಾಲಿಗ.

ಹೀಗೆ ನಾಲ್ಕು ವರ್ಷ. ಅಷ್ಟೂ ವರ್ಷ ಹೊಲ ಕಾದದ್ದು ಯಾರು? ಮಾಮಿ! ದೀಪಾವಳಿ ರಜೆಯಲ್ಲಿ ನಾವೆಲ್ಲ ಹೊಲದ ಗುಡಿಸಲಿನಲ್ಲೇ ಮೊಕ್ಕಾಂ. ಸಂಜೆ ಅವಳು ಬದುವಿನ ಮೇಲೆ ನಿಂತು ಎಣ್ಣೆ ಡಬ್ಬಿಯನ್ನು ಬಡಿಗೆಯಿಂದ ಬಡಿದಳೆಂದರೆ ಹಂದಿಗಳು ಕಾಡು ಸೇರುತ್ತಿದ್ದವು.

ಐದನೆಯ ವರ್ಷ ಒಂದು ಗುಂಡಿಗೆ ನೂರಕ್ಕೆ ನೂರು ಬಂತು! ಉಳಿದ ಸೀಸವನ್ನೆಲ್ಲ ಮಾಮಾ ಗುಜರಿಗೆ ಹಾಕಿದ. ಆ ಒಂದನ್ನು ಕರವಸ್ತ್ರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊಲಕ್ಕೆ ತಂದ. ಸಂಜೆ ಹಂದಿ ಹತ್ತು ಮಾರು ದೂರಕ್ಕೇ ಬಂತು. ನಳಿಗೆಗೆ ಮದ್ದು ತುಂಬಿಯಾಗಿತ್ತು, ಗುಂಡೊಂದು ಬಾಕಿ. ಮಾಮಾ ಗುಂಡನ್ನು ನೋಡಿದ, ಹಂದಿಯನ್ನು ನೋಡಿದ, ಗುಂಡನ್ನು ಮತ್ತೆ ಜೇಬಿಗಿಳಿಸಿದ.

"ಯಾಕ್ರಿ?" ಎಂದಳು ಮಾಮಿ.

"ಇಂಥಾದ್ದು ಮತ್ತ ಸಿಗೂದಿಲ್ಲ. ಹಂದಿ ಬೇಕಾದಷ್ಟು ಸಿಗತಾವ."

ಮಾಮಿ ಡಬ್ಬಿ ಎತ್ತಿಕೊಂಡಳು. ಗುಂಡು ಖಾಸಬಾಗಕ್ಕೆ ಮರಳಿ ದೇವರ ಜಗಲಿಯ ಮೇಲೆ ಬೆಳ್ಳಿ ಬಟ್ಟಲಿನಲ್ಲಿ ಕುಳಿತಿತು. ಬಂದವರಿಗೆಲ್ಲ ದರ್ಶನವಿತ್ತು, ಮುಟ್ಟಲು ಅಪ್ಪಣೆಯಿರಲಿಲ್ಲ.

ಎರಡು ವರ್ಷದ ಮೇಲೆ ಮಾಮಿಗೆ ಲಕವಾ ಹೊಡೆದು ಬಲಗೈಯ ಸ್ವಾಧೀನ ತಪ್ಪಿತು. ಆ ರಜೆಯಲ್ಲೂ ಹಟ ಮಾಡಿ ಹೊಲಕ್ಕೆ ಬಂದಳು. ಎಡಗೈಯಿಂದ ಬಡಿದರೆ ಡಬ್ಬಿ ಸದ್ದೇ ಮಾಡಲೊಲ್ಲದು. ಹಂದಿಗಳು ತಲೆಯೆತ್ತಿಯೂ ನೋಡಲಿಲ್ಲ. ಮಾಮಾ ಬಡಿಗೆಗೆ ಕೈಚಾಚಿದರೆ ಕೊಡಲಿಲ್ಲ. "ನನ್ನ ಹೊಲಾ, ನಾನ ಕಾಯಾಕಿ" ಎಂದು ಅಳುತ್ತ ಕೂತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ತಡೆಯಲಾಗಲಿಲ್ಲ.

ಮರುದಿನ ಮಾಮಾ ಖಾಸಬಾಗಕ್ಕೆ ಹೋಗಿಬಂದು ಒಲೆಯ ಮೇಲೆ ಸೌಟಿಟ್ಟ. ಕರವಸ್ತ್ರ ಬಿಚ್ಚಿ, ನೂರು ಅಂಕದ ಗುಂಡನ್ನು ಅದರೊಳಗೆ ಹಾಕಿದ. ಬಡಿಗೆಯ ತುದಿ ಕೊರೆದು ಕರಗಿದ ಸೀಸ ಹೊಯ್ದ. ತಣ್ಣಗಾದಾಗ ಎಲ್ಲೆಡೆ ಸುಕ್ಕು, ಎಲ್ಲ ಓರೆ. ಭೂತಗನ್ನಡಿಯನ್ನು ಅವನು ಹೊರಗೆ ತೆಗೆಯಲೇ ಇಲ್ಲ.

"ಈಗ ಭಾರ ಐತಿ. ನೀ ಬರೇ ಎತ್ತಿ ಬಿಡು, ಅದ ಬಡೀತೈತಿ."

ಸಂಜೆ ಮಾಮಿ ಎಡಗೈಯಿಂದ ಬಡಿಗೆ ಎತ್ತಿ ಬಿಟ್ಟಳು. ಡಬ್ಬಿಯ ಸದ್ದಿಗೆ ಹಂದಿಗಳು ದಿಕ್ಕಾಪಾಲಾಗಿ ಓಡಿದವು. ಮಾಮಾ ಅತ್ತ ತಿರುಗಲಿಲ್ಲ, ಅವಳ ಕೈಯನ್ನೇ ನೋಡುತ್ತಿದ್ದ.

"ಪಾಸ್ ಆತು" ಎಂದ.