ಹದ್ದಿನ ಕಣ್ಣಿನ ವಂಶ

ವಾಮದಪದವಿನಲ್ಲಿ ಹೋಟೆಲು ಇಟ್ಟಿದ್ದ ಲೋಕನಾಥನ ಎಂಟು ವರ್ಷದ ಮಗಳು ತೃಪ್ತಿ ಒಂದೇ ವಾರದಲ್ಲಿ ಎರಡು ಸಲ ಚರಂಡಿಗೆ ಬಿದ್ದಳು. ಎರಡೂ ಸಲ ಮುಸ್ಸಂಜೆ, ಹೋಟೆಲು ಮುಚ್ಚಿ ಅಪ್ಪನ ಕೈ ಹಿಡಿದು ಮನೆಗೆ ನಡೆಯುವಾಗ. ಮಗಳನ್ನು ಹಿಡಿಯಲು ಹೋಗಿ ತಾನೂ ಬಿದ್ದೆ ಎಂದು ಲೋಕನಾಥ ಹೇಳಿಕೊಂಡ.

ಬೆಳಿಗ್ಗೆ ಪಕ್ಕದ ಮನೆಯ ವಾರಿಜಾಕ್ಷಿ ನುಗ್ಗೆಸೊಪ್ಪಿನ ಕಟ್ಟು ಹಿಡಿದು ಬಂದಳು.

"ಲೋಕಣ್ಣ, ಮಗುವಿಗೆ ಕತ್ತಲೆಗೆ ಕಣ್ಣು ಕಾಣುವುದಿಲ್ಲ. ಈ ಸೊಪ್ಪು ಕಣ್ಣಿಗೆ ಒಳ್ಳೆಯದು, ರಸ ನಾನು ತೆಗೆದಿಡ್ತೇನೆ. ನೀವು ಮೊದಲು ಮೂಡುಬಿದಿರೆಗೆ ಹೋಗಿ. ಇವತ್ತು ಮಕ್ಕಳ ಕಣ್ಣಿನ ಕ್ಯಾಂಪ್ ಉಂಟಂತೆ. ಕಣ್ಣಿನ ಒಳಗಿನ ಫೋಟೋ ತೆಗೆಯುವ ಮಿಷನ್ ಬಂದಿದೆಯಂತೆ."

ಲೋಕನಾಥ ಮಗಳನ್ನು ಹತ್ತಿರ ಎಳೆದುಕೊಂಡ. ಆದರೂ ಬಾಯಿ ಸುಮ್ಮನಿರಬೇಕಲ್ಲ!

"ನಮ್ಮ ಕುಟುಂಬದ್ದು ಹದ್ದಿನ ಕಣ್ಣು. ಇದು ನಮ್ಮ ಕಡೆಯಿಂದ ಬಂದದ್ದಲ್ಲ."

"ಹೌದಾ? ಕರೆಂಟ್ ಹೋದರೆ ಗಿರಾಕಿಗಳ ಮಡಿಲಿಗೆ ಚಹಾ ಹೊಯ್ಯುವ ಹದ್ದು ಯಾವುದು ಮಾರಾಯ್ರೆ?" ಎಂದಳು ಹೆಂಡತಿ ಪ್ರಫುಲ್ಲಾ.

"ಅದು ಕರೆಂಟಿನವರ ತಪ್ಪು!"

ಜಗಳ ಬಸ್ಸು ಹತ್ತಿತು. ಹಿಂದಿನ ಸೀಟಿನಲ್ಲಿದ್ದ ಊರ ಶಾಲೆಯ ಚಿನ್ನಯ್ಯ ಮಾಸ್ತರರು ಮಗುವಿನ ಕಣ್ಣಿಗೆ ಏನೆಂದು ಕೇಳಿ, "ಇಂಥದ್ದು ವಂಶದಲ್ಲಿಯೇ ಇಳಿಯುವುದು" ಎಂದು ಉರಿಗೆ ಎಣ್ಣೆ ಹೊಯ್ದರು. ಮೂಡುಬಿದಿರೆ ಮುಟ್ಟುವಾಗ ಇಡೀ ಬಸ್ಸು ಮದುವೆ ಚಪ್ಪರದ ಹಾಗೆ ಗಂಡಿನ ಕಡೆ, ಹೆಣ್ಣಿನ ಕಡೆ ಎಂದು ಎರಡು ಪಾಲಾಗಿತ್ತು. ತೃಪ್ತಿ ಮಾತ್ರ ಕಿಟಕಿಯ ಹತ್ತಿರ ಕೂತು ಕಡಲೆ ತಿನ್ನುತ್ತಿದ್ದಳು.

ಕ್ಯಾಂಪಿನಲ್ಲಿ ಮಿಷನ್ ನೋಡಿದ್ದೇ ಅವಳು ಅಪ್ಪನ ಹಿಂದೆ ಅಡಗಿದಳು. ಗದ್ದ ಇಡಲು ಸುತಾರಾಂ ಒಪ್ಪಲಿಲ್ಲ.

"ಅಪ್ಪ ಮೊದಲು ಕೂರಲಿ."

ಡಾಕ್ಟರಮ್ಮ ನಕ್ಕು ಇಬ್ಬರ ಕಣ್ಣಿಗೂ ಮದ್ದು ಬಿಟ್ಟರು. ಲೋಕನಾಥ ಹೆದರದವನಂತೆ ಗದ್ದ ಇಟ್ಟ. ಬೆಳಕು ಫಳ್ಳೆಂದಿತು. ಆಮೇಲೆ ತೃಪ್ತಿಯೂ ಜಾಣೆಯ ಹಾಗೆ ಕೂತಳು.

ಡಾಕ್ಟರಮ್ಮ ಎರಡು ಚಿತ್ರಗಳನ್ನೂ ತುಂಬ ಹೊತ್ತು ನೋಡಿದರು. ಲೋಕನಾಥ ಕಂಡ ಕಂಡ ದೈವಗಳಿಗೆಲ್ಲ ಹರಕೆ ಹೇಳಿಕೊಂಡ. ಏನಿದ್ದರೂ ನನಗಿರಲಿ, ಮಗುವಿಗೆ ಬೇಡ.

"ಮಗುವಿನ ಕಣ್ಣು ಚೆನ್ನಾಗಿದೆ. ನಿಮ್ಮ ಕಣ್ಣಿನ ಒಳಗೆ ಅಂಚಿನಲ್ಲೆಲ್ಲ ಕಪ್ಪು ಚುಕ್ಕೆ ಉಂಟು. ನಿಮಗೆ ಕತ್ತಲೆಗೆ ಕಾಣ್ತದಾ?"

"ಕತ್ತಲೆಗೆ ಯಾರಿಗೆ ಕಾಣ್ತದೆ ಡಾಕ್ಟ್ರೇ?" ಎಂದ ಲೋಕನಾಥ, ನಿಜವಾಗಿಯೂ ಆಶ್ಚರ್ಯದಿಂದ.

ಡಾಕ್ಟರಮ್ಮ ತೃಪ್ತಿಯ ಕಡೆ ಬಾಗಿದರು. "ನೀನು ಹೇಗೆ ಬಿದ್ದದ್ದು ಪುಟ್ಟಾ?"

"ನಾನು ಬಿದ್ದದ್ದಲ್ಲ. ಅಪ್ಪ ಬಿದ್ದದ್ದು. ನಾನು ಕೈ ಬಿಡಲಿಲ್ಲ."

ಪ್ರಫುಲ್ಲಾ ಬೆಳಗಿನಿಂದ ಕಾಯುತ್ತಿದ್ದ ಗೆಲುವು ಕೈಗೆ ಬಂದಿತ್ತು. ಆದರೆ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ವಂಶದಲ್ಲಿ ಇಳಿಯುವ ಕಾಯಿಲೆ ಇದು," ಎಂದರು ಡಾಕ್ಟರಮ್ಮ. "ಮಗುವನ್ನು ವರ್ಷ ವರ್ಷ ಕರೆತಂದು ಫೋಟೋ ತೆಗೆಸಿ. ಬಂದರೂ ಬೇಗ ಗೊತ್ತಾಗ್ತದೆ."

"ಬರ್ತೇನೆ. ಇವಳೇ ನನ್ನನ್ನು ಕರೆತರ್ತಾಳೆ," ಎಂದ ಲೋಕನಾಥ.

ಮುಸ್ಸಂಜೆ ಒಂದು ಕೈ ಮಗಳು, ಒಂದು ಕೈ ಹೆಂಡತಿ ಹಿಡಿದು, ಪೊಲೀಸರಿಗೆ ಸಿಕ್ಕಿದ ಕಳ್ಳನ ಹಾಗೆ ಅವನು ಮನೆ ಸೇರಿದ. ಜಗಲಿಯಲ್ಲಿ ವಾರಿಜಾಕ್ಷಿ ಹಸಿರು ರಸದ ದೊಡ್ಡ ಲೋಟ ಹಿಡಿದು ನಿಂತಿದ್ದಳು.

"ಬಾ ಪುಟ್ಟಾ, ಇದನ್ನು ಕುಡಿ."

"ನನಗಲ್ಲ, ಅಪ್ಪನಿಗೆ," ಎಂದು ತೃಪ್ತಿ ಬೆರಳು ತೋರಿಸಿದಳು.

"ಇದು ಸೊಪ್ಪಿಗೆಲ್ಲ ಹೋಗುವ ಕಾಯಿಲೆ ಅಲ್ಲ ವಾರಿಜಕ್ಕ, ಡಾಕ್ಟ್ರು ಹೇಳಿದ್ದಾರೆ..." ಎಂದ ಲೋಕನಾಥ.

"ಡಾಕ್ಟ್ರು ಹೇಳಲಿ. ಬೆಳಗಿನಿಂದ ಅರೆದದ್ದು ನಾನು. ಕುಡಿಯಿರಿ!"

ಹದ್ದು ಎರಡೂ ಕಣ್ಣು ಮುಚ್ಚಿ ಕುಡಿಯಿತು.