ಗೂಳಿಯ ಒಪ್ಪಿಗೆ

ಬಾಯಿ ಮುಚ್ಚಿಕೊಂಡಿದ್ದರೆ ಟ್ರೆವರ್‌ಗೆ ಮದುವೆಗೆ ರಜೆ ಸಿಗುತ್ತಿತ್ತು. ದುಬೈಯ ನೈಫ್‌ನಲ್ಲಿ ಅವನು ಕೆಲಸಕ್ಕಿದ್ದ ಅತ್ತರಿನಂಗಡಿಯ ಧಣಿ ಅಹ್ಮದಾಕ ಫುಜೈರಾದ ಗೂಳಿಕಾಳಗದ ವಿಡಿಯೊ ತೋರಿಸುತ್ತಿದ್ದಾಗ, "ಪಾಪ, ಅದರ ಒಪ್ಪಿಗೆ ಯಾರಾದ್ರೂ ಕೇಳಿದ್ದಾರಾ?" ಎಂದುಬಿಟ್ಟ ಟ್ರೆವರ್.

ಅಹ್ಮದಾಕರ ಮುಖ ಆರಿದ ಚಹಾದಂತೆ ಕೆನೆಗಟ್ಟಿತು. "ಕತ್ತಿ ಇಲ್ಲ, ಈಟಿ ಇಲ್ಲ. ತಲೆಗೆ ತಲೆ ಕೊಟ್ಟು ದೂಡುದು ಅಷ್ಟೇ. ನಿಮ್ಮ ಕಂಬಳದಲ್ಲಿ ಕೋಣನ ಸಹಿ ತಗೊಳ್ತಾರಾ? ಇವತ್ತು ನನ್ನ ಗೂಳಿಯ ಕಾಳಗ ಉಂಟು. ನೀನೇ ಬಂದು ಕೇಳು. ಗೆದ್ರೆ ರಜೆ, ಸೋತ್ರೆ ಖಲಾಸ್!"

ಮದುವೆ ಎರಡು ಸಲ ಮುಂದೆ ಹೋಗಿತ್ತು. ಈ ಸಲ ಬಾರದಿದ್ದರೆ ಬೇರೆ ಗಂಡು ನೋಡುತ್ತೇನೆಂದು ಡೆಲ್ಫಿನ್ ಮಂಗಳೂರಿನಿಂದ ಹೇಳಿಯಾಗಿತ್ತು. ಟ್ರೆವರ್ ಕಾರು ಹತ್ತಿದ.

"ಅದರ ಕಣ್ಣು ಮಾತ್ರ ನೋಡ್ಬೇಡ ಮಾರಾಯ," ಎಂದ ಚಾಲಕ ಶಹೀರ್. "ಹಿಂದಿನ ಕೆಲಸದವ ನೋಡಿದ. ಈಗಲೂ ಮಾತಾಡುದಿಲ್ಲ."

"ಎಂತ ಕಂಡನಂತೆ?"

"ಮಾತಾಡಿದ್ರಲ್ವಾ ಗೊತ್ತಾಗುದು!"

ಕಡಲ ಬದಿಯ ಕೊಟ್ಟಿಗೆಯಲ್ಲಿ ಗೂಳಿ ಕೆಟ್ಟುನಿಂತ ಲಾರಿಯಂತೆ ಕಪ್ಪಗೆ ನಿಂತಿತ್ತು. ಸುತ್ತ ಒಂದು ನೊಣವೂ ಇಲ್ಲ. ಟ್ರೆವರ್ ತಮಾಷೆಗೆ ಅದರ ಕಿವಿಯಲ್ಲಿ ಕೇಳಿದ: "ನಿಂಗೆ ಇಷ್ಟ ಉಂಟಾ?"

ಮೆಲುಕು ನಿಂತಿತು. ಗೂಳಿ ನಿಧಾನವಾಗಿ ಕತ್ತು ತಿರುಗಿಸಿ, ಇಷ್ಟು ವರ್ಷ ಈ ಪ್ರಶ್ನೆಗೇ ಕಾದಿದ್ದಂತೆ ಅವನನ್ನು ನೋಡಿತು. "ಇವತ್ತೊಂದು ದಿನ ಗೆಲ್ಲು, ದಮ್ಮಯ್ಯ," ಎಂದವನೇ ಟ್ರೆವರ್ ಓಡಿದ.

ಬಯಲಲ್ಲಿ ಧೂಳು, ಬೊಬ್ಬೆ, ಕಾರುಗಳ ಹಾರ್ನು. ಎದುರಾಳಿ ಗೂಳಿ ಬಂತು. ಹಣೆಗೆ ಹಣೆ ತಾಗಿತು. ಆದರೆ ಎರಡೂ ದೂಡಲಿಲ್ಲ. ಗುಟ್ಟು ಹೇಳಿಕೊಳ್ಳುವವರಂತೆ ಹಾಗೆಯೇ ನಿಂತವು. ಹಾರ್ನುಗಳು ಒಂದೊಂದಾಗಿ ಅಡಗಿದವು. ಅಳುತ್ತಿದ್ದ ಕೂಸು ಸುಮ್ಮನಾಯಿತು. ಕಡಲ ಸದ್ದೂ ಕೇಳದ ಆ ಮೌನದಲ್ಲಿ ಎರಡೂ ಒಟ್ಟಿಗೆ ತಲೆಯೆತ್ತಿ, ಗುಂಪಿನಲ್ಲಿ ಅಡಗಿದ್ದ ಟ್ರೆವರ್‌ನನ್ನೇ ನೋಡಿದವು.

ಜನ ಸರಿದು ದಾರಿ ಬಿಟ್ಟರು. ಅಹ್ಮದಾಕರ ಗೂಳಿ ಹಗ್ಗ ಎಳೆದುಕೊಂಡು ಬಂದು ಅವನ ಹೆಗಲ ಮೇಲೆ ಗಲ್ಲವಿಟ್ಟಿತು.

"ಅಲ್ಲಿ ಹೋಗು ಮಾರಾಯ, ದೂಡು," ಎಂದು ಅವನು ಅಳುತ್ತ ಬೇಡಿದ.

ಅಹ್ಮದಾಕರ ಕಣ್ಣಲ್ಲೂ ನೀರು. "ನೀನು ಹೇಳಿದ್ದೇ ಸರಿ. ಇನ್ನು ಕಾಳಗ ಇಲ್ಲ. ಅಬುಧಾಬಿ ದಾರಿಯಲ್ಲಿ ನನ್ನದೊಂದು ತೋಟ ಉಂಟು, ಅಲ್ಲಿ ಆರಾಮಾಗಿರ್ಲಿ."

"ಹಾಗಾದ್ರೆ ನನ್ನ ರಜೆ?"

"ಎಂತ ರಜೆ? ನಿನ್ನನ್ನು ಬಿಟ್ರೆ ಅದು ಯಾರ ಹತ್ರ ನಿಲ್ತದೆ? ನಾಳೆಯಿಂದ ನೀನೂ ಅಲ್ಲೇ."

ಟ್ರೆವರ್ ಕಿರುಚಿದ: "ಇನ್ನೊಂದೇ ಕಾಳಗ ಮಾಡಿಸಿ ಅಹ್ಮದಾಕ! ಸಂಸ್ಕೃತಿ ಉಳೀಬೇಕಲ್ವಾ? ಸ್ವಲ್ಪ ನೋವಾದ್ರೆ ಎಂತ ಆಗ್ತದೆ?"

ಅಹ್ಮದಾಕ ಹೌಹಾರಿದರು. "ಛೆ! ಅದರ ಎದುರೇ ಹೀಗೆ ಹೇಳ್ತೀಯಲ್ಲ, ನಿಂಗೆ ಕರುಳೇ ಇಲ್ವಾ?"

ಹೆಗಲ ಮೇಲಿನ ಗಲ್ಲ ಮೆಲ್ಲಗೆ ಇನ್ನಷ್ಟು ಭಾರವಾಯಿತು.