ಹರಳು ಆರಿಸಿದ ಜೋಗುಳ

ಮೂವತ್ತು ವರ್ಷ ಮೊರದಲ್ಲಿ ತೊಗರಿಬೇಳೆ ಹರವಿಕೊಂಡು ಹರಳು ಆರಿಸಿದ ಕೈ ಒಂದು ರೀತಿಯಲ್ಲಿ ಕೆಟ್ಟೇ ಹೋಗಿರುತ್ತದೆ. ಎದುರಿಗೆ ಏನು ಬಂದರೂ ಅದರಲ್ಲಿ ತೆಗೆದು ಎಸೆಯುವಂಥದ್ದು ಯಾವುದು ಎಂದೇ ಮೊದಲು ಹುಡುಕುತ್ತದೆ. ಪೂಜೆಗೆ ಕೂತಾಗಲೂ ಬುಟ್ಟಿಯಲ್ಲಿನ ಬಾಡಿದ ಹೂವೇ ನನ್ನ ಕಣ್ಣಿಗೆ ಬೀಳುತ್ತದೆ, ಶಿವ ಕಾಣುವುದು ಆಮೇಲೆ. ಅವನು ಅಲ್ಲಿಯತನಕ ಕಾಯುತ್ತಾನೆ, ಅದೇ ದೊಡ್ಡ ಉಪಕಾರ. ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಇದೇ ಕೈಯಿಂದ ನಾನು ಜೋಗುಳಗಳನ್ನೂ ಆರಿಸಿದೆ.

ಮಗಳು ಸುವರ್ಣಾ ಚೊಚ್ಚಲ ಬಾಣಂತನಕ್ಕೆ ಗಡಿಯ ಮೇಲಿನ ಉಮರ್ಗಾದ ನಮ್ಮ ಮನೆಗೆ ಬಂದಿದ್ದಳು. ಅವಳನ್ನು ಕೊಟ್ಟದ್ದು ಉದಗೀರಿಗೆ. ಒಳ್ಳೆಯ ಜನ, ಲಿಂಗಪೂಜೆ ತಪ್ಪಿಸದವರು, ಆದರೆ ಮನೆಮಾತು ಮರಾಠಿ. ಐದು ತಿಂಗಳಿಗೆ ಕೂಸು ಅಲ್ಲಿಗೆ ಹೋದರೆ ಅದರ ಕಿವಿಗೆ ಕನ್ನಡ ಬೀಳುವುದು ನಾನು ಫೋನು ಮಾಡಿದಾಗ ಮಾತ್ರ. ಇದು ನನ್ನನ್ನು ಒಳಗೇ ಕೊರೆಯುತ್ತಿತ್ತು. ಕೂಸಿನ ಜೊತೆ ಒಂದು ಫೋನು ತುಂಬ ಕನ್ನಡದ ಜೋಗುಳ ಕಳಿಸೋಣ ಎಂದುಕೊಂಡು ಗುಂಜೋಟಿಯ ಚಿಗವ್ವನಿಂದ ಎರಡು, ಔರಾದ ಶಹಾಜನಿಯ ಅಕ್ಕನಿಂದ ನಾಲ್ಕು, ಮನೆಯಲ್ಲೇ ಇರುವ ಅತ್ತೆಯಿಂದ ಐದು ಹಾಡಿಸಿ ಫೋನಿನಲ್ಲಿ ಹಿಡಿದೆ.

ಆಮೇಲೆ ಕೂತು ಕೇಳಿದರೆ, ಒಂದನ್ನು ಬಿಟ್ಟು ಉಳಿದ ಹತ್ತೂ ಹಾಡು ಕನ್ನಡದಲ್ಲಿ ಹೊರಟು ನಡುದಾರಿಯಲ್ಲಿ ಮರಾಠಿಗೆ ದಾಟಿಬಿಡುತ್ತಿದ್ದವು, ನಮ್ಮ ಕಡೆಯ ಬಸ್ಸುಗಳ ಹಾಗೆ. ಮೊದಲ ನುಡಿಯಲ್ಲಿ ತೊಟ್ಟಿಲಾಗಿದ್ದದ್ದು ಮೂರನೆಯದಕ್ಕೆ ಪಾಳಣಾ ಆಗಿರುತ್ತಿತ್ತು. ಫೋನಿನಲ್ಲಿ ಹಾಡು ಕತ್ತರಿಸುವುದನ್ನು ಸುವರ್ಣಾಳೇ ತೋರಿಸಿಕೊಟ್ಟಳು. ಯಾಕೆಂದು ಕೇಳಲಿಲ್ಲ, ಬಾಣಂತಿಗೆ ನಿದ್ದೆಯದೇ ಚಿಂತೆ. ಮೂರು ಮಧ್ಯಾಹ್ನ ಕೂತು ಮರಾಠಿ ನುಡಿಗಳನ್ನೆಲ್ಲ ತೆಗೆದೆ. ಕತ್ತರಿಸುವ ಮೊದಲು ಇಡೀ ಹಾಡನ್ನು ಬೇರೆ ಎತ್ತಿಡಬೇಕೆಂದು ಹೊಳೆಯಲಿಲ್ಲ. ಹರಳನ್ನು ಯಾರು ಎತ್ತಿಡುತ್ತಾರೆ? ಉಳಿದದ್ದನ್ನು ಸಾಲಾಗಿ ಜೋಡಿಸಿ, ಎರಡೂ ಮನೆಯ ಹೆಂಗಸರ ವಾಟ್ಸಾಪ್ ಗುಂಪಿಗೆ ಕಳಿಸಿ, ತೊಟ್ಟಿಲ ದಿನ ಇವನ್ನೇ ಹಚ್ಚುವುದು ಎಂದು ಬರೆದೆ.

ಆ ದಿನ ಕರೆಂಟು ಹೋಗಲಿಲ್ಲ, ಹುಗ್ಗಿ ತಳ ಹಿಡಿಯಲಿಲ್ಲ. ಶಿವ ಇಷ್ಟನ್ನು ನಡೆಸಿಕೊಟ್ಟ. ತೊಟ್ಟಿಲಿನ ಒಂದು ಬದಿಗೆ ಉದಗೀರಿನ ಬೀಗತಿ, ಇನ್ನೊಂದು ಬದಿಗೆ ಅತ್ತೆ ಕೂತು ತೂಗತೊಡಗಿದರು. ಅತ್ತೆ ಹಾಡಿದ್ದನ್ನೇ ಹಚ್ಚಿದೆ. ಕೂಸಿನ ರೆಪ್ಪೆ ಇಳಿಯುತ್ತ ಬಂತು. ಎರಡು ನುಡಿಗೆ ಹಾಡು ಟಪ್ಪನೆ ನಿಂತಿತು, ಕೂಸು ಕಣ್ಣು ತೆರೆದು ಚೀರಿತು.

"ಮಹಾದೇವಿ, ನನ್ನ ಹಾಡಿನ ಕಾಲು ಎಲ್ಲಿ ಹೋದ್ವು?" ಅಂದರು ಅತ್ತೆ.

"ಅವು ಮರಾಠಿ ಇದ್ವುರೀ. ತಗದೀನಿ."

"ನಮ್ಮವ್ವನ ಹಾಡ ಅದು. ಆಕಿಗಿ ಮರಾಠಿ ಬರತಿದ್ದಿಲ್ಲ. ಅದು ಮರಾಠಿ ಅಂತ ನೀ ಹೇಳಿದ ಮ್ಯಾಲೆ ನನಗ ಗೊತ್ತಾತು."

ಬೀಗತಿ ಮಾತ್ರ ತೂಗುವುದನ್ನು ಬಿಡಲಿಲ್ಲ. "ಅಸೂ ದ್ಯಾ, ವಿಹಿಣಬಾಯಿ," ಇರಲಿ ಬಿಡ್ರಿ ಬೀಗರೇ, ಎಂದು ನನಗೆ ಹೇಳಿ, ಹಾಡು ನಿಂತಲ್ಲಿಂದಲೇ ಮೂರನೆಯ ನುಡಿ ಎತ್ತಿಕೊಂಡರು. ಕೂಸು ಸುಮ್ಮನಾಯಿತು. ಮುಗಿದ ಮೇಲೆ ನಿಲ್ಲಿಸದೆ ಮೊದಲ ನುಡಿಗೆ ಬಂದರು, ಅಚ್ಚ ಕನ್ನಡದಲ್ಲಿ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅವರ ಮನೆಯಲ್ಲಿ ಮಕ್ಕಳನ್ನೆಲ್ಲ ಮಲಗಿಸುವುದು ಇದೇ ಹಾಡಿನಿಂದಂತೆ. ಮೊದಲಿನ ಎರಡು ನುಡಿ ಏನೆಂದು ತಿಳಿಯುವುದಿಲ್ಲ, ಆದರೆ ಹಿರಿಯರು ಹಾಡಿದ್ದನ್ನು ಬಿಡುವುದು ಹೇಗೆ ಎಂದು ಮರಾಠಿಯಲ್ಲಿ ಕೇಳಿದರು. ನಾನು ಎಲ್ಲರಿಗೂ ಹುಗ್ಗಿ ಬಡಿಸಲು ಒಳಗೆ ಹೋದೆ.

ಕೂಸು ಉದಗೀರಿಗೆ ಹೋಗಿ ಎರಡು ತಿಂಗಳಾಯಿತು. ಮೊನ್ನೆ ಸುವರ್ಣಾ ಫೋನು ಮಾಡಿ, "ಅವ್ವಾ, ಆರನೇದು ಹಚ್ಚಿದ್ರ ಗಪ್ಪನೆ ಮಲಗತದ ನೋಡು," ಅಂದಳು. ಆರನೆಯದು ಔರಾದದ ಅಕ್ಕನದು, ನನ್ನ ಕತ್ತರಿ ಮುಟ್ಟದ ಒಂದೇ ಒಂದು ಹಾಡು. ಹಾಡು ಅಚ್ಚ ಕನ್ನಡದ್ದೆಂದು ನಾನದನ್ನು ಕೊನೆಯವರೆಗೆ ಕೇಳಿಯೇ ಇರಲಿಲ್ಲ. ಈಗ ಕೇಳಿದರೆ ಹಾಡು ಇರುವುದು ಸ್ವಲ್ಪವೇ. ಆಮೇಲೆಲ್ಲ ನನ್ನದೇ ಮಾತು. "ಅಕ್ಕಾ, ಜರಾ ಥಾಂಬ. ಆವಾಜ ಛಾನ್ ಬಂದದ. ಆತಾ ಪುನ್ಹಾ ಶುದ್ಧ ಕನ್ನಡದ್ದು ಏಕ ಹಾಡು, ಘಾಯಿ ನಕೋ." ತುಸು ನಿಲ್ಲು, ದನಿ ಚಂದ ಬಂದಿದೆ, ಈಗ ಮತ್ತೊಂದು ಹಾಡು, ಅವಸರ ಬೇಡ ಎಂದು ಹೀಗೇ ಮುಂದುವರಿಯುತ್ತದೆ, ಅಕ್ಕನಿಗೆ ಬಾಯಿ ತೆರೆಯಲು ಬಿಡದೆ. ಕೂಸಿಗೆ ನಿದ್ದೆ ಬರುವುದು ಇದಕ್ಕೆ.

ಅಭ್ಯಾಸದಂತೆ ಕತ್ತರಿಸಲು ಕೂತೆ. ಹರಳೆಲ್ಲ ತೆಗೆದರೆ ಮೊರದಲ್ಲಿ ಬೇಳೆ ಉಳಿಯುವಂತೆ ಕಾಣಲಿಲ್ಲ.